ಲೋಸೆ ಅತ್ತೆಯಾದಳು

ಟೊಂಗಾದಲ್ಲಿ ಅಕ್ಕನಿಗೆ ಇಲ್ಲ ಅನ್ನುವ ತಮ್ಮ ಇನ್ನೂ ಹುಟ್ಟಿಲ್ಲ. ಅಮೇಲಿಯಾಳ ಗಂಡನ ಅಕ್ಕ ಸೇಲು ಮನೆಗೆ ಬಂದಾಗಲೆಲ್ಲ ಬೀಸಣಿಗೆಯನ್ನು ಗದ್ದಕ್ಕೆ ಒತ್ತಿ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಆಮೇಲೆ ಬೇಕಾದದ್ದನ್ನು ಗದ್ದದಿಂದಲೇ ತೋರಿಸುತ್ತಿದ್ದಳು. ಸಂಜೆಗೆ ಅದು ಅವಳ ಗಾಡಿಯಲ್ಲಿರುತ್ತಿತ್ತು. ಏರಿಸಿಕೊಡುವವನೂ ಆ ತಮ್ಮನೇ. ಅಮೇಲಿಯಾಳ ಆರು ವರ್ಷದ ಮಗಳು ಲೋಸೆ ಅತ್ತೆಯ ಮಗ್ಗುಲಲ್ಲೇ ಕೂತು ಇದನ್ನೆಲ್ಲ ಎವೆಯಿಕ್ಕದೆ ನೋಡುತ್ತಿದ್ದಳು.

ಈ ಸಲ ಅಮೇಲಿಯಾಳ ಹಿರಿಮಗ ವಿಲಿಯಮಿಯ ಕೂಸಿಗೆ ವರ್ಷ ತುಂಬಿದ ಊಟ. ಕೂಸನ್ನು ಒಳ್ಳೆಯ ಚಾಪೆಯ ಮೇಲೆ ಕೂರಿಸದಿದ್ದರೆ ಊರು ಆಡಿಕೊಳ್ಳುತ್ತದೆ. ಲೋಸೆಯ ಮದುವೆಗೆಂದು ಎರಡು ವರ್ಷ ಬೆನ್ನು ಬಗ್ಗಿಸಿ ನೇಯ್ದಿದ್ದ ಕೇದಗೆ ಚಾಪೆಯನ್ನು ಅಮೇಲಿಯಾ ಹೊರತರಲೇಬೇಕಾಯಿತು. ಅದರ ಮೇಲೆ ಸೇಲುವಿನ ಕಣ್ಣು ಬಿದ್ದದ್ದನ್ನು ಅಮೇಲಿಯಾ ನೋಡಿದಳು.

ಇಂಥ ಊಟದಲ್ಲಿ ಕೂಸಿನ ಸೋದರತ್ತೆಗೇ ಮೇಲಿನ ಆಸನ, ಮೊದಲ ತುತ್ತು, ಮನಸ್ಸಿಗೆ ಬಂದ ಉಡುಗೊರೆ. ಲೆಕ್ಕಕ್ಕೆ ಅವಳು ವಿಲಿಯಮಿಯ ತಂಗಿ ಲೋಸೆ. ಆದರೆ ಆ ಚೋಟುದ್ದದವಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಸೇಲು ಗತ್ತಿನಿಂದ ಆಸನದತ್ತ ನಡೆದಳು. ನೋಡಿದರೆ ಲೋಸೆ ಆಗಲೇ ಅಲ್ಲಿ ಲಂಗ ಹರಡಿಕೊಂಡು ಕೂತಿದ್ದಾಳೆ!

“ಏಳೇ, ಅತ್ತೆ ಕೂತ್ಕೊಳ್ಳಲಿ,” ಎಂದ ವಿಲಿಯಮಿ.

“ಮಗು ನಿಂದಲ್ವಾ? ಅದರ ಅತ್ತೆ ನಾನೇ.”

ಯಾರದೋ ಬೀಸಣಿಗೆ ಎತ್ತಿಕೊಂಡು ಲೋಸೆ ಗದ್ದಕ್ಕೆ ಒತ್ತಿದಳು, ನಿಟ್ಟುಸಿರೂ ಬಿಟ್ಟಳು. ಸುಟ್ಟ ಹಂದಿಯ ಬೆನ್ನು ತಟ್ಟಿ, ಒಂದು ಚೂರು ಬಾಯಿಗಿಟ್ಟು, “ಹೂಂ, ಪರವಾಗಿಲ್ಲ. ಉಪ್ಪೇ ಕಾಣಿಸ್ತಾ ಇಲ್ಲ,” ಎಂದಳು. ಚಪ್ಪರದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸೇಲು ಮಾತ್ರ ಕೆಂಪಗಾಗಿ ನಿಂತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!

ಲೋಸೆಯ ಗದ್ದ ಚಾಪೆಯತ್ತ ತಿರುಗಿತು. “ಅದು ನಂಗೆ.”

ಅಮೇಲಿಯಾಗೆ ಎದ್ದು ಕುಣಿಯಬೇಕೆನ್ನಿಸಿತು. ಅಂತೂ ಚಾಪೆ ಮನೆಯಲ್ಲೇ ಉಳಿಯಿತಲ್ಲ!

“ಸುತ್ತಿ ಗಾಡಿಗೆ ಹಾಕು,” ಎಂದಳು ಲೋಸೆ ಅಣ್ಣನಿಗೆ.

“ಯಾವ ಗಾಡಿಗೆ?”

“ಅತ್ತೆ ಗಾಡಿಗೆ. ಚಾಪೆ ಎಲ್ಲಾ ಹೋಗೋದು ಅಲ್ಲಿಗೇ ತಾನೆ?”

ಸೋದರತ್ತೆಯ ಮಾತಿಗೆ ಎದುರಾಡುವಂತಿಲ್ಲ. ವಿಲಿಯಮಿ ಚಾಪೆ ಹೊತ್ತು ನಡೆದ. ಅಮೇಲಿಯಾಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

“ಹೆತ್ತದ್ದು ನಾನು, ಕಲ್ತದ್ದೆಲ್ಲಾ ನಿಮ್ಮ ಹತ್ರ, ಅತ್ತಿಗೆ!”

ಗಾಡಿ ಹತ್ತುತ್ತ ಸೇಲು ಹೊಟ್ಟೆ ಕುಲುಕಿಸಿ ನಕ್ಕಳು.

“ಇನ್ನೊಂದು ನೇಯಿ ಕಣೇ. ಈ ಸಲ ಅವಳನ್ನ ನಿನ್ನ ಪಕ್ಕ ಕೂರಿಸ್ಕೋ.”