ಎಲ್ಲರ ಮನೆಗೂ ಒಂದೇ ಹಸು

ಸೂಲಿಬೆಲೆ ಹತ್ತಿರದ ತನ್ನೂರಿನ ಹಾಲಿನ ಡೈರಿಗೆ ಕೀರ್ತನ ಒಂದು ಆ್ಯಪ್ ಮಾಡಿಕೊಟ್ಟಿದ್ದಳು. ಓದು ಬಾರದವರಿಗೂ ತೊಡಕಾಗಬಾರದೆಂದು ಅದರಲ್ಲಿ ಹೆಸರುಗಳ ಬದಲು ಹಸುವಿನ ಮುಖಗಳನ್ನು ಇಟ್ಟಿದ್ದಳು. ಅವರವರ ಹಸುವಿನ ಫೋಟೊ ಅವರವರೇ ಹಾಕಬೇಕು. ಅದರ ಮೇಲೆ ಬೆರಳೊತ್ತಿದರೆ ಹಾಲಿನ ವಿವರವೆಲ್ಲ ಕಾಣುತ್ತದೆ. ಮೊದಲ ಪುಟದಲ್ಲಿ ಊರಿನ ಹಸುಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಯಾವುದು ಎಷ್ಟು ಕರೆಯಿತು ಎಂಬುದರ ಸಮೇತ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ಹುಡುಗಿಗೆ ಆ ಪುಟ ನೋಡಿದರೆ ತಾನೇ ಮಾತಾಡಿದಷ್ಟು ಹಿಗ್ಗು.

ವಾರ ಕಳೆಯುವಷ್ಟರಲ್ಲಿ ಹಿಗ್ಗಿಗೆ ಹುಳು ಬಿತ್ತು. ಲಕ್ಕಮ್ಮನ ಹಸುವಿಗೂ ಅನುಸೂಯಮ್ಮನ ಹಸುವಿಗೂ ಒಂದೇ ಮುಖ. ಎಡಗೊಂಬು ಮುರಿದ, ಪಕ್ಕೆಲುಬು ಎದ್ದ ಮುದಿ ಹಸು. ಕೆಳಗೆ ಸರಿಸಿದಷ್ಟೂ ಅದೇ.

ಹಾಲು ಅಳೆದು ಲೆಕ್ಕ ತುಂಬುವವನು ಸೆಕ್ರೆಟರಿ ಮುನಿರಾಜ್. ಕೇಳಿದ್ದಕ್ಕೆ, "ಅವ್ರವ್ರು ಹಾಕವ್ರೆ, ನಂಗೇನ್ ಗೊತ್ತಮ್ಮ," ಎಂದು ತುಟಿಯಂಚಿನಲ್ಲಿ ನಕ್ಕ. ಆ ನಗುವೇ ಕೀರ್ತನಳಿಗೆ ಚುಚ್ಚಿತು. ಇಲ್ಲದ ಹಸುಗಳ ಹೆಸರಲ್ಲಿ ಇವನೇ ಹಾಲು ತೋರಿಸುತ್ತಿದ್ದಾನೆಯೇ? ಎದುರು ಹೇಳಲಾಗದ್ದನ್ನು ಅಧ್ಯಕ್ಷ ಗೋಪಾಲಪ್ಪನವರಿಗೆ ಮೆಸೇಜು ಮಾಡಿದಳು. ಮಾರನೆಯ ದಿನವೇ ಅವರು ಮುನಿರಾಜನ ಕೈಯಿಂದ ಡೈರಿಯ ಬೀಗದ ಕೈ ಇಸಿದುಕೊಂಡರು. "ವಿಚಾರಣೆ ಮುಗಿಯೋವರ್ಗೂ ಈ ಕಡೆ ಬರ್ಬೇಡ ಕಣಪ್ಪ. ಸಾಬೀತಾದ್ರೆ ಕೆಲ್ಸ ಹೋಯ್ತು ಅನ್ಕೊ."

ಅಂದು ಸಂಜೆ ಕೀರ್ತನಳ ತಾಯಿ ಗಂಗಲಕ್ಷ್ಮಮ್ಮ ಫೋನು ಚಾಚಿದಳು. "ನಮ್ದೂ ಹಾಕ್ಬುಡು ಮಗ."

ಅದೇ ಮುರುಕು ಕೊಂಬು.

"ಇದು ನಮ್ಮ ಹಸ ಅಲ್ವಲ್ಲಮ್ಮ."

"ಪಿಳ್ಳಣ್ಣನ ಬತ್ತಿದ ಹಸ. ಎಲ್ರೂ ಅದ್ನೇ ಹಿಡ್ಕಂಡವ್ರೆ. ಕಣ್ಣು ಬಿದ್ರೆ ಅದ್ರ ಮೇಲೇ ಬೀಳ್ಲಿ, ಹೋಗಕ್ಕೆ ಅದ್ರತ್ರ ಇನ್ನೇನೈತೆ? ನಮ್ಮನೆ ಹಸ ಎಷ್ಟು ಕರೀತದೆ ಅಂತ ನಿಮ್ಮತ್ತೆಗೂ ಹೇಳ್ದೋಳಲ್ಲ ನಾನು. ನೀನು ಊರಿಗೇ ತೋರ್ಸಕ್ಕೆ ಹೊಂಟಿದ್ದೀಯ."

"ಪಿಳ್ಳಣ್ಣ ಸುಮ್ನಿದ್ನಾ?"

"ಒಂದು ಟೀ ಕುಡ್ಸಿದ್ರೆ ಹಗ್ಗ ಹಿಡ್ದು ನಿಲ್ಸ್ತಾನೆ."

ಕೀರ್ತನಳಿಗೆ ನಗು ಬರಲಿಲ್ಲ. ತಪ್ಪಿಲ್ಲದವನ ಮೇಲೆ ದೂರು ಕೊಟ್ಟಿದ್ದಳು.

ಬೆಳಿಗ್ಗೆ ಡೈರಿಯ ಮುಂದೆ ಗೋಪಾಲಪ್ಪ ಹೆಂಗಸರನ್ನು ಕೇಳಿದರು, "ಈ ಫೋಟೊ ಹಾಕಿದ್ದು ನೀವೇನಾ?" ಹೌದೆಂದರೆ, ಪಕ್ಕದಲ್ಲಿ ನಿಂತವಳ ಕಣ್ಣಿಗೆ ಹೆದರಿದೆನೆಂದು ಅವಳ ಮುಖಕ್ಕೇ ಹೇಳಿದಂತೆ.

"ಫೋನ್ ಒತ್ತಕ್ಕೇ ಬರಲ್ಲ ನಮ್ಗೆ," ಎಂದಳು ಲಕ್ಕಮ್ಮ.

ವಿಚಾರಣೆಗೆಂದು ಕರೆಸಿದ್ದ ಮುನಿರಾಜ್ ಬೈಕಿನ ಪಕ್ಕ ನಿಂತು ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು, ಬಾಯಿ ಬಿಟ್ಟರೆ ಊರಿನ ಹೆಂಗಸರ ನಡುವೆ ಬೆಂಕಿ ಹಚ್ಚಿದಂತೆ.

ಕೀರ್ತನ ಮುಂದೆ ಬಂದಳು. "ಅಣ್ಣ ಏನೂ ಮಾಡಿಲ್ಲ," ಎಂದಳು. ದನಿ ಅವಳಿಗೇ ಅಪರಿಚಿತವಾಗಿತ್ತು. "ನಮ್ಮಮ್ಮಾನೂ ಇದೇ ಹಸ ಹಾಕು ಅಂದ್ರು. ದೃಷ್ಟಿಗೆ ಹೆದರ್ಕೊಂಡು. ಎಲ್ರ ಹಾಲೂ ಎಲ್ರಿಗೂ ಕಾಣೋ ಹಂಗೆ ಮಾಡಿದ್ದು ನನ್ ತಪ್ಪು."

ಗಂಗಲಕ್ಷ್ಮಮ್ಮ ಮಗಳನ್ನು ಸುಡುವಂತೆ ನೋಡಿದಳು. ಅನುಸೂಯಮ್ಮ ಕಾದಿದ್ದವಳಂತೆ, "ಯಾರ ಕಣ್ಣಿಗೆ ಹೆದ್ರಿದ್ದೆ ಗಂಗಕ್ಕ? ನನ್ ಕಣ್ಗಾ?" ಎಂದಳು.

"ನೀನೂ ಅದೇ ಹಸ ಹಾಕಿದ್ದೀಯಲ್ಲೇ, ನೀ ಯಾರಿಗೆ ಹೆದ್ರಿದ್ದೆ?"

ಗೋಪಾಲಪ್ಪ ಕೆಮ್ಮಿದರು. ಬೀಗದ ಕೈ ಮುನಿರಾಜನಿಗೆ ಮರಳಿತು.

ಕೀರ್ತನ ಮೊದಲ ಪುಟವನ್ನೇ ಕಿತ್ತುಹಾಕಿದಳು. ಈಗ ಅವರವರ ಫೋನಿನಲ್ಲಿ ಅವರವರ ಹಾಲು ಮಾತ್ರ. ಲಕ್ಕಮ್ಮ ಅನುಸೂಯಮ್ಮನ ಫೋನು ಇಸಿದುಕೊಂಡು ಮೂಲೆಮೂಲೆ ತಡಕಿ, ತನ್ನದು ಸಿಗದೆ ಹಿಂದಿರುಗಿಸಿದಳು.

ಮುನಿರಾಜ್ ಮಾತ್ರ ಕ್ಯಾನು ಎತ್ತಿಡುತ್ತ ಕೇಳಿದ, "ಮಾಡಿರೋಳು ನೀನು. ನಿಂಗೆ ಎಲ್ರದೂ ಕಾಣ್ತದಾ?"

ಸುಳ್ಳು ಹೇಳಬಹುದಿತ್ತು. "ಕಾಣ್ತದೆ ಅಣ್ಣ."

ಸಾಲಿನಲ್ಲಿದ್ದ ಹೆಂಗಸರು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಕೀರ್ತನ ತಿರುವು ದಾಟುವವರೆಗೂ ಲಕ್ಕಮ್ಮ ಕ್ಯಾನು ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಳು.