ನೀರಿನ ಸಾಲು

ಡಿಎನ್‌ಎ ಗೆರೆಗಳು ಮೂಡುವ ಜೆಲ್ ಚಿತ್ರದ ಕೊನೆಯ ಸಾಲನ್ನು ಖರೆ ಸರ್ ಕತ್ತರಿಸಿ ಹಾಕಿದರು. ಉಳಿದದ್ದನ್ನಿಟ್ಟುಕೊಂಡು ವರದಿ ಬರೆದು ಗಡಚಿರೋಲಿಯ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಕೇಂದ್ರದವರು ಕಾಯಿಲೆ ಇದೆಯೆಂದು ಹನ್ನೊಂದು ಹೆಸರುಗಳನ್ನು ಗೋಡೆಗೆ ಅಂಟಿಸಿದರು.

ಆ ಕೊನೆಯ ಸಾಲು ನೀರಿನದು. ಪ್ರತಿ ಸಲವೂ ಒಂದು ನಳಿಕೆಗೆ ರಕ್ತದ ಡಿಎನ್‌ಎ ಬದಲು ಬರೀ ನೀರು ಹಾಕುತ್ತಾರೆ. ಅಲ್ಲಿ ಏನೂ ಕಾಣಬಾರದು. ಖರೆ ಸರ್ ವಿದ್ಯಾರ್ಥಿನಿ ಚಂದಾ ಕುಮ್ರೆ ಮಾಡಿದ ಪ್ರಯೋಗದಲ್ಲಿ ನೀರಿಗೂ ಸಿಕಲ್ ಎಂಬ ಆನುವಂಶಿಕ ರಕ್ತಕಾಯಿಲೆಯ ಗೆರೆ ಬಂದಿತ್ತು. ಎಲ್ಲೋ ಏನೋ ಬೆರೆತಿತ್ತು. ಅಂದಮೇಲೆ ಆ ದಿನದ ಯಾರ ಫಲಿತಾಂಶವನ್ನೂ ನಂಬುವ ಹಾಗಿರಲಿಲ್ಲ. "ಕೆಟ್ಟಿದೆ, ಮತ್ತೆ ಮಾಡಬೇಕು" ಎಂದು ಅವಳು ಪ್ರಯೋಗದ ಪುಸ್ತಕದಲ್ಲಿ ಬರೆದಿದ್ದಳು. ಶಾಯಿಯಲ್ಲಿ. ಆ ಪುಸ್ತಕದ ಹಾಳೆ ಹರಿಯುವಂತಿಲ್ಲ.

ಬೆಳಿಗ್ಗೆ ಗಡಚಿರೋಲಿಯಿಂದ ಚಿಕ್ಕಮ್ಮನ ಮಗಳು ಸೋನಕಿ ಫೋನ್ ಮಾಡಿದಳು. "ಅಕ್ಕಾ, ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿಸ್ಕೋ, ನಾನಿದೀನಲ್ಲ ಅಂತ ನೀನೇ ಅಂದಿದ್ದೆ. ಗೋಡೆ ಮೇಲೆ ನನ್ ಹೆಸರು ನೋಡಿ ಗಂಡಿನೋರು ಸಂಬಂಧ ಬೇಡ ಅಂದ್ರು. ನಿಜಾನಾ?"

"ಗೊತ್ತಿಲ್ಲ ಕಣೇ."

ಜೀವರಸಾಯನಶಾಸ್ತ್ರವನ್ನೂ ತಳಿಶಾಸ್ತ್ರವನ್ನೂ ಅರೆದು ಕುಡಿದು ಎಂ.ಎಸ್ಸಿ. ಕೊನೆಗೆ ಬಂದವಳ ಬಾಯಿಂದ ಹೊರಟದ್ದು ಅಷ್ಟೇ.

ಅವಳು ಹೋದಾಗ ನಾಗಪುರದ ವಿಶ್ವವಿದ್ಯಾಲಯದಲ್ಲಿ ತಮ್ಮ ವಿಭಾಗದ ಕೋಣೆಯಲ್ಲಿ ಖರೆ ಸರ್ ತರ್ರಿ ಪೋಹಾ, ಖಾರದ ಸಾರು ಸುರಿದ ಅವಲಕ್ಕಿ, ತಿನ್ನುತ್ತಿದ್ದರು. ಮೇಜಿನ ಮೇಲೆ ಅವಳ ಪ್ರಯೋಗದ ಪುಸ್ತಕ. ಪಕ್ಕದಲ್ಲಿ ಖಾಲಿ ಹೊಸದೊಂದು.

"ಬಾ ಮಗಳೇ. ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರೆ. ಎಲ್ಲಾನೂ ಹೊಸದ್ರಲ್ಲಿ ನೀಟಾಗಿ ಬರಿ. ಹಳೇ ತಾರೀಖೇ ಹಾಕು. ಕೆಟ್ಟಿದೆ ಅಂತ ಬರ್ದಿರೋ ಆ ಒಂದು ಪುಟ ಮಾತ್ರ ಬೇಡ."

"ತಪ್ಪಾಗಿದೆ ಅಂತ ಆರೋಗ್ಯ ಕೇಂದ್ರಕ್ಕೊಂದು ಕಾಗದ ಬರೀರಿ ಸರ್. ಹನ್ನೊಂದು ಜನರದ್ದೂ ಮತ್ತೆ ಮಾಡ್ತೀನಿ."

"ಕಾಡಿನೋರಿಗೆ ಸಿಕಲ್ ಇರೋದು ಹೊಸ ಸುದ್ದೀನಾ? ಹನ್ನೊಂದ್ರಲ್ಲಿ ಏಳಾದ್ರೂ ನಿಜ ಇರತ್ತೆ, ಬಿಡು."

"ಉಳಿದ ನಾಲ್ಕು ಯಾರು ಸರ್?"

ಖರೆ ಚಮಚ ಕೆಳಗಿಟ್ಟರು. "ಮೀಸಲಾತಿ ಸೀಟಲ್ಲಿ ಬಂದೋಳು ನನ್ನೇ ಪ್ರಶ್ನೆ ಮಾಡ್ತೀಯಾ? ನನ್ನ ಸಹಿ ಇಲ್ದೆ ಡಿಗ್ರಿ ಹೆಂಗೆ ಬರತ್ತೋ ನೋಡೇಬಿಡೋಣ. ಕೂತ್ಕೋ. ಬರಿ." ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದರು.

ಚಂದಾ ಕೂತಳು. ಹೊಸ ಪುಸ್ತಕವನ್ನು ಅವರ ಕಡೆಗೆ ತಳ್ಳಿದಳು.

"ಬೇಕಿದ್ರೆ ನೀವೇ ಬರ್ಕೊಳ್ಳಿ ಸರ್. ನಾನು ಬರಿಯಲ್ಲ."

ಪೆನ್ನು ಹಿಡಿದ ಅವರ ಕೈ ಚಾಚಿಕೊಂಡೇ ಇತ್ತು. ಅವಳ ಎರಡೂ ಕೈ ಮಡಿಲಿನಿಂದ ಏಳಲಿಲ್ಲ.