ನೆರಳಿನಲ್ಲಿ ನಿಂತ ಮಾಪಕ

ಗೋಡೆ ಕಂಡರೆ ಮುಟ್ಟದೆ ಮುಂದೆ ಹೋದವರಲ್ಲ ಅವರು. ಬಸ್ ನಿಲ್ದಾಣದ ಕಂಬ, ಬ್ಯಾಂಕಿನ ಮೆಟ್ಟಿಲ ಪಕ್ಕದ ಕಂಬಿ, ಬಿಸಿಲಿನಲ್ಲಿ ನಿಂತ ಯಾರದೋ ಸ್ಕೂಟರಿನ ಸೀಟು, ಎಲ್ಲದಕ್ಕೂ ಬೆರಳುಗಳ ಹಿಂಬದಿಯನ್ನು ಆನಿಸಿ, ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯಂತೆ ಒಂದು ಕ್ಷಣ ತಡೆದು, ತುಟಿಯಲ್ಲೇ ಒಂದು ಅಂಕಿ ಹೇಳಿಕೊಂಡು ನಡೆದುಬಿಡುವರು. ಕಚೇರಿಯ ಕಿಡಿಗೇಡಿಗಳು ಇಟ್ಟ ಹೆಸರು ಜ್ವರದಮ್ಮ. ಅದು ಕಿವಿಗೆ ಬಿದ್ದಾಗ ಅವರು ಬೇಸರಿಸಲಿಲ್ಲ. ಊರಿಗೆ ಜ್ವರ ಬಂದಿರುವುದು ಸುಳ್ಳೇನಲ್ಲವಲ್ಲ ಎಂದರಂತೆ. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರಿಗೆ ಮಾತ್ರ ಇದು ತಲೆನೋವು. ನೆಂಟರ ಮನೆಗೆ ಹೋದರೂ ಇವಳು ಮೊದಲು ಗೋಡೆಯನ್ನು ಮಾತಾಡಿಸಿ ಆಮೇಲೆ ಮನೆಯವರನ್ನು ಮಾತಾಡಿಸುತ್ತಾಳೆ ಎಂದು ಅವರು ಗೊಣಗುವುದುಂಟು.

ವಿಮಾ ಕಂಪನಿಯೊಂದರಲ್ಲಿ ಅಪಾಯಗಳ ಲೆಕ್ಕ ಹಾಕುವ ಗಣಿತಜ್ಞೆ ಅವರು. ಬೆಂಕಿಗೂ ಬಿರುಗಾಳಿಗೂ ನಷ್ಟದ ಗುರುತುಗಳಿರುತ್ತವೆ, ತಪಾಸಣೆಯವರು ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬಿಸಿಲಿಗೆ ಅಂಥ ಗುರುತಿಲ್ಲ. ಅದು ಗೋಡೆ ಕೆಡವುವುದಿಲ್ಲ, ಆಳನ್ನು ಕೆಡವುತ್ತದೆ. ಆದ್ದರಿಂದ ಅವರು ಹೊಸದೊಂದು ವಿಮೆಯನ್ನು ರೂಪಿಸಿದರು. ಹವಾಮಾನ ಕೇಂದ್ರದ ಉಷ್ಣಮಾಪಕ ಸತತವಾಗಿ ಮೂರು ದಿನ ನಲವತ್ತೊಂದು ಡಿಗ್ರಿ ದಾಟಿದರೆ ಸಾಕು, ಅರ್ಜಿಯಿಲ್ಲದೆ, ಅಂಗಲಾಚದೆ, ದಿನದ ಕೂಲಿ ತಾನಾಗಿಯೇ ಬರುತ್ತದೆ; ಕೆಲಸ ನಿಲ್ಲಿಸಿ ಮನೆಗೆ ಹೋಗಬಹುದು. ಇದನ್ನು ಮೊದಲು ನಂಬಿದವರು ಮಾರುಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ನಲವತ್ತು ಹೆಂಗಸರು. ಅಂಕಿಗೆ ದಯೆ ಗೊತ್ತಿಲ್ಲ, ಅದಕ್ಕೇ ಮೋಸವೂ ಗೊತ್ತಿಲ್ಲ ಎಂದು ಜ್ವರದಮ್ಮ ಅವರಿಗೆ ಧೈರ್ಯ ಹೇಳಿ ಸಹಿ ಹಾಕಿಸಿಕೊಂಡಿದ್ದರು.

ಮೊದಲ ಬೇಸಿಗೆಯಲ್ಲೇ ಆ ಧೈರ್ಯ ಮಣ್ಣುಪಾಲಾಯಿತು. ಮೂರು ದಿನ ಊರು ಕಾದು ಕೆಂಡವಾಯಿತು, ನಾಲ್ಕನೆಯ ದಿನ ಗುಂಪಿನಲ್ಲೇ ಕಿರಿಯಳಾದ ಹೆಂಗಸು ಇಸ್ತ್ರಿಮೇಜಿನ ಮೇಲೆ ಕುಸಿದು ಆಸ್ಪತ್ರೆ ಸೇರಿದಳು, ಮಾಪಕ ಮಾತ್ರ ನಲವತ್ತೂವರೆ ಡಿಗ್ರಿಗೇ ನಿಂತುಬಿಟ್ಟಿತು. ಯಾರಿಗೂ ಬಿಡಿಗಾಸು ಬರಲಿಲ್ಲ. ಜ್ವರದಮ್ಮ ಅಂದೇ ಶೆಡ್ಡಿಗೆ ಹೋದರು. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯ ಹೆಂಗಸು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡದೆಯೇ ಮಾತಾಡಿದಳು.

"ನಿಮ್ಮ ಮಾಪಕ ಎಲ್ಲಿದೆ ಅಂತ ಹೋಗಿ ನೋಡ್ಕೊಂಡು ಬಂದೆ. ಹುಲ್ಲಿನ ಮೇಲೆ, ಬಿಳಿ ಪೆಟ್ಟಿಗೆ ಒಳಗೆ, ನೆರಳಲ್ಲಿದೆ. ನಾವು ಎಲ್ಲಿದೀವಿ ಅಂತ ನೀವು ಬಂದು ನೋಡಿದ್ರಾ?"

ನೋಡಿರಲಿಲ್ಲ. ಊರಿನ ಗೋಡೆಗಳನ್ನೆಲ್ಲ ಮುಟ್ಟಿದ ಕೈ ಈ ತಗಡನ್ನು ಮುಟ್ಟಿರಲಿಲ್ಲ. ಸಹಿ ಹಾಕಿಸಿಕೊಂಡದ್ದು ಕೂಡ ಕಚೇರಿಯ ತಂಪಿನಲ್ಲಿ. ಮಾಪಕವನ್ನು ಹಾಗೆ ನೆರಳಿನಲ್ಲಿ ಇಡುವುದೇ ಕ್ರಮ, ಬಿಸಿಲಿನ ಲೆಕ್ಕ ಇಡುವ ಎಲ್ಲರಿಗೂ ಅದು ಗೊತ್ತು; ಗೊತ್ತಿದ್ದೂ ಆ ಅಂಕಿಯನ್ನು ಹಾಗೆಯೇ ಶೆಡ್ಡಿಗೆ ಅಂಟಿಸುವ ತಪ್ಪು ಅವರಂಥ ಬಲ್ಲವರೇ ಮಾಡುವಂಥದ್ದು. ಅವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಈ ಬಾರಿಗೆ ಧರ್ಮಾರ್ಥವಾಗಿ ಏನಾದರೂ ಕೊಟ್ಟು ಕೈತೊಳೆದುಕೊಳ್ಳೋಣ, ಈ ವಿಮೆಯನ್ನೇ ಮುಚ್ಚೋಣ ಎಂದರು ಮೇಲಧಿಕಾರಿ. ಕೊಡುವುದನ್ನು ಕೊಡಿ, ಮುಚ್ಚಬೇಡಿ ಎಂದು ಇವರು ಪಟ್ಟು ಹಿಡಿದರು. ಮುಚ್ಚಿದರೆ ಮುಂದಿನ ಬೇಸಿಗೆಯಲ್ಲಿ ಆ ನಲವತ್ತು ಜನ ಕೂಲಿಗಾಗಿ ಮತ್ತೆ ಅದೇ ಬೆಂಕಿಯಲ್ಲಿ ನಿಲ್ಲುತ್ತಾರೆ, ಎಲ್ಲರೂ ಆಸ್ಪತ್ರೆಯಿಂದ ವಾಪಸು ಬರುತ್ತಾರೆಂದು ಬರೆದುಕೊಡುವವರು ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು.

ಆ ಬೇಸಿಗೆ ಮುಗಿಯುವವರೆಗೆ ಅವರು ರಜೆ ಹಾಕಿ, ಆರು ಮಾಪಕಗಳನ್ನು ಶೆಡ್ಡಿನ ಮೂಲೆಮೂಲೆಯಲ್ಲಿ ತೂಗುಹಾಕಿ, ಗಂಟೆಗೊಮ್ಮೆ ಬರೆದುಕೊಂಡರು. ಸುಮ್ಮನೆ ನಿಂತವರಿಗೆ ಬಿಸಿ ಬೇರೆ, ದುಡಿಯುವವರಿಗೆ ಬೇರೆ ಎಂದು ದೊಡ್ಡಮ್ಮ ಅವರ ಕೈಗೂ ಒಂದು ಇಸ್ತ್ರಿಪೆಟ್ಟಿಗೆ ಕೊಟ್ಟಳು. ಮೊದಲ ದಿನವೇ ಯಾರದೋ ಬಿಳಿ ಅಂಗಿಗೆ ಕಂದು ಮೊಹರು ಬಿತ್ತು, ಅದರ ಬೆಲೆಯನ್ನು ಗಣಿತಜ್ಞೆಯೇ ತೆರಬೇಕಾಯಿತು. ಕೊನೆಗೆ ಸಿಕ್ಕಿದ ಲೆಕ್ಕ ಸರಳವಾಗಿತ್ತು: ಹುಲ್ಲಿನ ಮೇಲೆ ಮೂವತ್ತೆಂಟಾದರೆ ತಗಡಿನ ಕೆಳಗೆ ನಲವತ್ತನಾಲ್ಕು. ಇನ್ನು ಮೂವತ್ತೆಂಟಕ್ಕೇ ಅರ್ಧ ಕೂಲಿ, ನಲವತ್ತಕ್ಕೆ ಪೂರ್ತಿ; ಮೂರು ದಿನ ಕಾಯುವುದೂ ಬೇಡ, ಒಂದೇ ದಿನ ಸಾಕು.

ಇದಕ್ಕೆ ವಿಮಾ ಕಂಪನಿಗಳಿಗೇ ವಿಮೆ ಕೊಡುವ ದೊಡ್ಡಣ್ಣಂದಿರು ಒಪ್ಪಬೇಕಿತ್ತು. ಉದ್ದನೆಯ ಮೇಜಿನ ಸುತ್ತ ಕುಳಿತಿದ್ದ ಅವರ ಮುಂದೆ ಇವರು ಇಟ್ಟ ವರದಿಯ ಮೊದಲ ಸಾಲೇ, ಹಿಂದಿನ ತಪ್ಪು ನನ್ನದು ಎಂದಿತ್ತು. ಮೇಲಧಿಕಾರಿ ಅದನ್ನು ಹೊಡೆದುಹಾಕಲು ಎರಡು ಬಾರಿ ಹೇಳಿದ್ದರು, ಇವರು ಕೇಳಿರಲಿಲ್ಲ. ಮೊದಲನೆಯ ಲೆಕ್ಕ ತಪ್ಪಿದವರ ಎರಡನೆಯದನ್ನು ಏಕೆ ನಂಬಬೇಕು ಎಂಬ ಪ್ರಶ್ನೆ ಬಂದೇಬಂತು.

"ಅದನ್ನ ಕೂತು ಮಾಡಿದ್ದೆ," ಎಂದರು ಜ್ವರದಮ್ಮ. "ಇದನ್ನ ನಿಂತು ಮಾಡಿದೀನಿ."

ಎರಡು ವರ್ಷದ ಪರೀಕ್ಷೆಗೆಂದು ಒಪ್ಪಿಗೆ ಸಿಕ್ಕಿತು. ಶೆಡ್ಡಿನಲ್ಲಿ ಸಹಿಗೆ ಕುಳಿತಾಗ ಮೊದಲ ಹೆಬ್ಬೆಟ್ಟು ದೊಡ್ಡಮ್ಮನದು, ಎರಡನೆಯ ಸಹಿ ಆಸ್ಪತ್ರೆಯಿಂದ ಗುಣವಾಗಿ ಬಂದ ಕಿರಿಯಳದು.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಮಾಪಕ ನಲವತ್ತು ದಾಟಿದಾಗ ಅವರು ಕಚೇರಿಯಿಂದ ಓಡೋಡಿ ಶೆಡ್ಡಿಗೆ ಹೋದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಜುಗಳ ಮೇಲೆ ಅರ್ಧ ಮಡಿಸಿದ ಬಟ್ಟೆಗಳಿದ್ದವು, ಪೆಟ್ಟಿಗೆಗಳಲ್ಲಿನ ಕೆಂಡಕ್ಕೆ ನೀರು ಹೊಯ್ದಾಗಿತ್ತು. ಆ ಬರಿದಾದ ಶೆಡ್ಡಿನ ಮುಂದೆ ನಿಂತು ಅವರು ಕಣ್ತುಂಬ ಅತ್ತರು. ಅಳಬೇಕಾದ್ದೇ, ಅಷ್ಟು ಹೆಮ್ಮೆಯ ದಿನ ಅವರ ಬಾಳಿನಲ್ಲಿ ಮತ್ತೊಂದಿರಲಿಲ್ಲ.

ಸೇತುವೆ ಕಟ್ಟಿದವರಿಗೆ ಮೊಮ್ಮಕ್ಕಳನ್ನು ಕರೆದೊಯ್ದು ತೋರಿಸಲು ಸೇತುವೆಯಿರುತ್ತದೆ. ಇವರಂಥವರಿಗೆ ತೋರಿಸಲು ಏನೂ ಇರುವುದಿಲ್ಲ, ಏಕೆಂದರೆ ನಡೆಯದೆ ಹೋದ ಅನಾಹುತಕ್ಕೆ ಸಾಕ್ಷಿಯಿಲ್ಲ, ಶಿಲಾಫಲಕವೂ ಇಲ್ಲ. ಸಂಜೆ ತಮ್ಮ ತಮ್ಮ ಮನೆಗಳಲ್ಲಿ ನಿದ್ದೆಯಿಂದೆದ್ದು, ತಾವು ಯಾತರಿಂದ ಪಾರಾದೆವೆಂದು ಒಂದು ಗಳಿಗೆಯೂ ಯೋಚಿಸದೆ, ಮಕ್ಕಳನ್ನು ಗದರುತ್ತ ಒಲೆ ಹೊತ್ತಿಸುವ ನಲವತ್ತು ಹೆಂಗಸರಿರುತ್ತಾರೆ, ಅಷ್ಟೆ.